ಓಡುವ ವೇಷ, ಆಡುವ ವೇಷ: ಪಾರಿಜಾತವನ್ನು ಕುರಿತು ಒಂದು ವಿಚಾರ

ವೇಷಧಾರಿಯು ಮಾತಾಡದೆ ಪಾತ್ರವಾಗಬಲ್ಲನೇ? ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸಣ್ಣಾಟ ಪಾರಿಜಾತಗಳನ್ನು ಕುರಿತು ಬರೆಯುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಅಲ್ಲಿ ಹಾಡಿಗೂ ಮಾತಿಗೂ ಬರವಿಲ್ಲವಾದ್ದರಿಂದ ಅದರ ಅಗತ್ಯವೇ ತೋರದು. ಆದರೆ ಕಲೆಯೊಂದರ ಸತ್ವವು ಅದಿಲ್ಲದ ಎಡೆಯಲ್ಲಿ ನಿಂತು ನೋಡಿದಾಗ ಹೆಚ್ಚು ಸ್ಪಷ್ಟವಾಗುವುದುಂಟು. ಅಂತಹ ಎಡೆಯೊಂದು ದೂರದ ಅಮೆರಿಕದಲ್ಲಿದೆ.

ಅಲ್ಲಿನ ಬೇಸ್‌ಬಾಲ್ ಪಂದ್ಯದಲ್ಲಿ ಒಂದು ತಂಡದ ಸರದಿ ಮುಗಿದು ಇನ್ನೊಂದರ ಸರದಿ ಮೊದಲಾಗುವ ನಡುವೆ ಸ್ವಲ್ಪ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಕೆಲವು ಮೈದಾನಗಳಲ್ಲಿ ವೇಷಗಳ ಓಟ ನಡೆಯುತ್ತದೆ. ಮಿಲ್ವಾಕಿ ನಗರದಲ್ಲಿ ಓಡುವವು ಆಳೆತ್ತರ ಮೀರಿದ ಸಾಸೇಜುಗಳು, ಎಂದರೆ ಮಾಂಸದ ಹೂರಣ ತುಂಬಿದ ಉದ್ದನೆಯ ತಿನಿಸುಗಳು. ಪಿಟ್ಸ್‌ಬರ್ಗಿನಲ್ಲಿ ಪಿರೋಗಿಯೆಂಬ ಕಡುಬುಗಳು. ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ 2006ರಿಂದ ಆ ದೇಶದ ಗತಕಾಲದ ಅಧ್ಯಕ್ಷರೇ ದೊಡ್ಡ ತಲೆಗಳನ್ನು ಹೊತ್ತು ಓಡುತ್ತಾರೆ. ಈ ವೇಷಗಳ ಮುಖಭಾವ ಬದಲಾಗದು, ಬಾಯಿ ತೆರೆಯದು. ಒಳಗಿರುವ ಮನುಷ್ಯನ ನೆನಪೇ ನೋಡುವವರಿಗೆ ಉಳಿಯದು. 2003ರ ಜುಲೈ 9ರಂದು ಮಿಲ್ವಾಕಿಯಲ್ಲಿ ಎದುರು ತಂಡದ ಆಟಗಾರನೊಬ್ಬನು ಓಡುತ್ತಿದ್ದ ಸಾಸೇಜೊಂದನ್ನು ದಾಂಡಿನಿಂದ ತಟ್ಟಿ ಕೆಡವಿದಾಗ, ಒಳಗೆ ಒಬ್ಬ ತರುಣಿಯಿರುವಳೆಂಬ ಸಂಗತಿ ಲೋಕಕ್ಕೆ ತಟ್ಟನೆ ಅರಿವಾಯಿತು.

ಇದೆಲ್ಲ ವ್ಯಾಪಾರದ ಉಪಾಯವೆಂದು ಬದಿಗೆ ಸರಿಸುವುದು ಸುಲಭ, ಅದರಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಆದರೂ ವಾಷಿಂಗ್ಟನ್ನಿನ ನಿದರ್ಶನವು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿ ಥಿಯೊಡೋರ್ ರೂಸ್‌ವೆಲ್ಟನ ವೇಷವು 2006ರಿಂದ ಮೊದಲ್ಗೊಂಡು ಒಂದು ಓಟದಲ್ಲಿಯೂ ಗೆಲ್ಲಲಿಲ್ಲ. ಅದರ ಪ್ರಥಮ ವಿಜಯ ಬಂದದ್ದು 2012ರ ಅಕ್ಟೋಬರ್ 3ರಂದು. ಕಾಲಿನಲ್ಲಿ ಬಲವಿಲ್ಲದೆ ಸೋತುದಲ್ಲ, ಸೋಲೇ ಅದರ ಪಾತ್ರವಾಗಿತ್ತು. ಸೋಲುವನೆಂದು ಎಲ್ಲರೂ ಬಲ್ಲರು. ಇಂದು ಹೇಗೆ ಸೋಲುವನೆಂಬುದೇ ಕುತೂಹಲ. ಇಲ್ಲಿ ಓಟವು ಆಟವಾಯಿತು. ಸತ್ಯಭಾಮೆಯ ಗರ್ವಭಂಗವಾಗುವುದನ್ನು ಮೊದಲೇ ಬಲ್ಲ ನಮ್ಮ ಹಳ್ಳಿಯ ಪ್ರೇಕ್ಷಕನು ಬೆಳಗಿನವರೆಗೆ ಕುಳಿತಿರುವುದೂ ಇದೇ ಕಾರಣಕ್ಕಾಗಿ. (ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದ ಜೊತೆಗೆ ನಡೆಯುವ 'ಮಜಾ' ಓಟದಲ್ಲಿಯೂ ವೇಷಗಳುಂಟು, ಆದರೆ ಅಲ್ಲಿ ಯಾರ ವೇಷ ಅವರವರದು. ಪಾತ್ರವೊಂದು ಬೆಳೆಯಲು ಬೇಕಾದ ಪುನರಾವರ್ತನೆ ಅಲ್ಲಿಲ್ಲ.)

ಹಾಗಾದರೆ ಮೂಕವೇಷವೂ ಪಾತ್ರವಾಗಬಲ್ಲುದೆಂದು ಒಪ್ಪಬೇಕಾಗುತ್ತದೆ. ಆದರೆ ಎಷ್ಟರ ಮಟ್ಟಿಗೆ? ರೂಸ್‌ವೆಲ್ಟನ ವೇಷಕ್ಕೆ ತಾನೇಕೆ ಸೋಲುತ್ತೇನೆಂಬುದರ ಅರಿವಿಲ್ಲ. ಅದರ ಬದುಕೆಲ್ಲವೂ ನೋಡುವವರ ಕಲ್ಪನೆಯಲ್ಲಿದೆ. ಅಪರಾಳ ತಮ್ಮಣ್ಣನ ಕೃತಿಯನ್ನು ಆಧರಿಸಿ ಕುಲಗೋಡ ತಮ್ಮಣ್ಣನು 19ನೆಯ ಶತಮಾನದಲ್ಲಿ ರಂಗಕ್ಕೆ ತಂದ ಶ್ರೀಕೃಷ್ಣ ಪಾರಿಜಾತದ ಹದವೇ ಬೇರೆ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕುಲಗೋಡದಿಂದ ಹೊರಟ ಈ ಆಟವು ಕೌಜಲಗಿ ನಿಂಗಮ್ಮನಂತಹ ಕಲಾವಿದೆಯಿಂದ ದೊಡ್ಡ ಹೆಸರು ಪಡೆಯಿತು. ಅದರಲ್ಲಿ ಭಾಮೆಯ ಒಡವೆ ವಸ್ತ್ರಗಳು ಆಕೆಯನ್ನು ರಾಣಿಯೆಂದು ತೋರಿಸುತ್ತವೆ, ಅಷ್ಟೆ. ಆಕೆಯನ್ನು ಭಾಮೆಯನ್ನಾಗಿ ಮಾಡುವವಳು ಎದುರು ನಿಂತ ದೂತಿ. ದೂತಿಯು ಆಡುಮಾತಿನಲ್ಲಿ ಕೆಣಕುತ್ತಾಳೆ, ತಿಳಿದೂ ತಿಳಿಯದವಳಂತೆ ಕೇಳುತ್ತಾಳೆ. ಭಾಮೆ ಉತ್ತರಿಸುತ್ತಾಳೆ, ಉತ್ತರಿಸುತ್ತಲೇ ತನ್ನ ಅಹಂಕಾರವನ್ನು ತಾನೇ ಬಿಚ್ಚಿಡುತ್ತಾಳೆ. ದ್ವಾರಕೆಯ ಅರಸಿ ಆ ಗಳಿಗೆಯಲ್ಲಿ ಘಟಪ್ರಭೆಯ ದಂಡೆಯ ಹೆಂಗಸಾಗುತ್ತಾಳೆ. ನಗೆಯೂ ಮರುಕವೂ ಒಟ್ಟಿಗೆ ಹುಟ್ಟುವುದು ಇಲ್ಲಿ. ಓಡುವ ವೇಷವು ನಗೆಯನ್ನು ಧಾರಾಳವಾಗಿ ಕೊಡಬಲ್ಲುದು, ಮರುಕವನ್ನು ಕೊಡಲಾರದು.

ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾದ ಪ್ರಸಂಗ ನಮ್ಮಲ್ಲಿಯೇ ಒದಗಿದೆ. ಉತ್ಸವಗಳ ಮೆರವಣಿಗೆಯಲ್ಲಿ ಜನಪದ ಕಲಾವಿದರು ಕಿರೀಟ ಭುಜಕೀರ್ತಿಗಳೊಡನೆ ಬಿಸಿಲಿನಲ್ಲಿ ನಡೆಯುತ್ತಾರೆ. ಡೊಳ್ಳು ಹಲಗೆಗಳಿಗೆ ಇದರಿಂದ ಬಾಧಕವಿಲ್ಲ, ಅವು ನಡೆಯುತ್ತಲೇ ನುಡಿಯುವ ವಾದ್ಯಗಳು. ಆದರೆ ಪಾರಿಜಾತದ ಕೃಷ್ಣನೂ ಭಾಮೆಯೂ ಹಾಗೆ ನಡೆದುಹೋದಾಗ ಅವರು ಮೈದಾನದ ಓಟದ ವೇಷಗಳಿಗೆ ಸಮಾನರಾಗುತ್ತಾರೆ. ಸೋಲುವ ಕಥೆಯಾದರೂ ಇಲ್ಲದಿರುವುದರಿಂದ ಅವಕ್ಕಿಂತಲೂ ಬಡವಾಗುತ್ತಾರೆ. ಇದನ್ನು ಪಾರಿಜಾತದ ಪ್ರದರ್ಶನವೆಂದು ಕರೆಯಲು ನಾವು ಸಿದ್ಧರಿಲ್ಲ.

ವಿದ್ಯಾರ್ಥಿಗಳ ಕ್ಷೇತ್ರಕಾರ್ಯವೂ ಇದೇ ದಾರಿ ಹಿಡಿಯುವ ಭಯವಿದೆ. ವೇಷಭೂಷಣಗಳ ಛಾಯಾಚಿತ್ರ ತೆಗೆಯುವುದು, ಆಭರಣಗಳ ಪಟ್ಟಿ ಮಾಡುವುದು ಸುಲಭ. ಮುದ್ರಿತ ಪ್ರತಿಯಲ್ಲಿಲ್ಲದೆ ಆಯಾ ಊರಿನಲ್ಲಿ, ಆಯಾ ರಾತ್ರಿ ಹುಟ್ಟುವ ದೂತಿಯ ಮಾತನ್ನು ಹಿಡಿದಿಡುವುದು ಕಷ್ಟ. ಒಂದೇ ಮೇಳದ ದೂತಿಯು ಮೂಡಲಗಿಯಲ್ಲಿ ಆಡಿದ ಮಾತನ್ನು ಆಕೆಯೇ ಹುಕ್ಕೇರಿಯಲ್ಲಿ ಆಡಿದುದರೊಡನೆ ಇಟ್ಟು ನೋಡುವ ಕೆಲಸ ಮೊದಲು ನಡೆಯಲಿ. ಒಡವೆಗಳ ಪಟ್ಟಿ ಆಮೇಲೆ ಆದೀತು.