ಶವರ್ ಬಂತು, ಬಚ್ಚಲೆಲ್ಲಿ?

ಕಾರ್ ಕ್ಯಾಂಪಿಂಗ್ ವಿಡಿಯೋಗಳಲ್ಲಿ ಈಗ ಒಂದು ದೃಶ್ಯ ಕಡ್ಡಾಯ ಆಗಿಬಿಟ್ಟಿದೆ. ಗುಡ್ಡದ ಅಂಚಿನಲ್ಲಿ ನಿಂತ ಎಸ್‌ಯುವಿ, ಮೇಲೆತ್ತಿದ ಡಿಕ್ಕಿ ಬಾಗಿಲು, ಅದಕ್ಕೆ ಇಳಿಬಿಟ್ಟ ಪರದೆ, ಒಳಗಿಂದ ಶವರ್ ಸುರಿಯುವ ಸದ್ದು. ಕೆಳಗೆ ಖರೀದಿಗೆ ಲಿಂಕು. ನೋಡಿದವರಿಗೆ ಆಸೆ ಆಗೋದು ಸಹಜ. ಶುಕ್ರವಾರ ಲ್ಯಾಪ್‌ಟಾಪ್ ಮುಚ್ಚಿ ಹೊರಟರೆ ಭಾನುವಾರದ ತನಕ ರೆಸಾರ್ಟಿನ ಬಾತ್‌ರೂಮ್ ಹಂಗಿಲ್ಲ ಅಂದ್ರೆ ಯಾರಿಗೆ ಬೇಡ?

ಆದರೆ ಈ ಶವರ್‌ಗಳನ್ನು ಮಾರುವವರೂ ರಿವ್ಯೂ ಮಾಡುವವರೂ ಕೇಳೋದು ಒಂದೇ ಪ್ರಶ್ನೆ: ನೀರು ಎಷ್ಟು ಜೋರಾಗಿ ಬರುತ್ತೆ? ನನ್ನ ತಕರಾರು ಇರೋದು ಅಲ್ಲೇ. ಹೊತ್ತುಕೊಂಡು ಹೋದ ನೀರಿನಲ್ಲಿ ಸ್ನಾನ ಮಾಡುವಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಎಷ್ಟು ಲೀಟರಿನಲ್ಲಿ ಮುಗಿಯುತ್ತೆ? ಬಿದ್ದ ನೀರು ಎಲ್ಲಿಗೆ ಹೋಗುತ್ತೆ? ಇವೆರಡನ್ನು ಕೈಯಲ್ಲಿ ಹಿಡಿದು ಮಾರ್ಕೆಟ್ಟಿನ ಸರಕನ್ನೆಲ್ಲ ಒಮ್ಮೆ ನೋಡಿ ಬರೋಣ.

ಮೊದಲು ಎಲ್ಲಕ್ಕಿಂತ ಅಗ್ಗದ್ದು, ಸೋಲಾರ್ ಶವರ್ ಬ್ಯಾಗ್. ಕಪ್ಪು ಪ್ಲಾಸ್ಟಿಕ್ ಚೀಲ, ಸಾಮಾನ್ಯವಾಗಿ 20 ಲೀಟರಿನದು. ಬಿಸಿಲಿಗಿಟ್ಟರೆ ಕರೆಂಟು, ಗ್ಯಾಸು ಏನೂ ಇಲ್ಲದೆ ನೀರು ಕಾಯುತ್ತೆ. ಐಡಿಯಾ ಚೆನ್ನಾಗಿದೆ, ಆದರೆ ಟೈಮಿಂಗ್ ನಮ್ಮದಲ್ಲ. ಈ ಚೀಲ ದಿನವಿಡೀ ಕಾದು ಸಂಜೆಗೆ ಸಿದ್ಧವಾಗುತ್ತೆ. ನಮ್ಮಲ್ಲಿ ಬಹುತೇಕರಿಗೆ ಸ್ನಾನ ಆಗಬೇಕಾದ್ದು ಬೆಳಗ್ಗೆ, ತಿಂಡಿಗೆ ಮೊದಲು. ರಾತ್ರಿ ಕಳೆಯುವಷ್ಟರಲ್ಲಿ ನೀರು ಮತ್ತೆ ತಣ್ಣಗೆ. ಮಂಜು ಕವಿದ ಮಲೆನಾಡಿನಲ್ಲಂತೂ ಕಾಯೋದೇ ಅನುಮಾನ. ಅದೂ ಅಲ್ಲದೆ ತುಂಬಿದ ಚೀಲ ಅಂದ್ರೆ 20 ಕಿಲೋ. ಅದನ್ನು ತಲೆಗಿಂತ ಎತ್ತರಕ್ಕೆ ನೇತುಹಾಕಲು ಗಟ್ಟಿ ಕೊಂಬೆ ಬೇಕು, ಎತ್ತಲು ಇನ್ನೊಬ್ಬರು ಬೇಕು.

ಎರಡನೆಯದು ಕಾರಿನ ಮೇಲೆ ಮಲಗಿಸುವ ಪೈಪು. ವಿದೇಶದಲ್ಲಿ ಇದನ್ನು ಅಲ್ಯೂಮಿನಿಯಂ ಟ್ಯಾಂಕ್ ರೂಪದಲ್ಲಿ ಮಾರುತ್ತಾರೆ. ನಮ್ಮ ಜುಗಾಡ್ ವೀರರು ನಾಲ್ಕಿಂಚಿನ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಅಂಟಿಸಿ ಮನೆಯಲ್ಲೇ ಮಾಡ್ಕೋತಾರೆ. ಎರಡು ಮೀಟರ್ ಪೈಪಿನಲ್ಲಿ ಹದಿನಾರು ಹದಿನೇಳು ಲೀಟರ್ ಹಿಡಿಸುತ್ತೆ. ಇಷ್ಟಕ್ಕೇ ನಿಲ್ಲಿಸಿ, ನೀರು ತಾನಾಗಿ ಇಳಿಯಲು ಬಿಟ್ಟರೆ ತೊಂದರೆ ಇಲ್ಲ. ಆದರೆ ಫೋರ್ಸ್ ಸಾಲಲ್ಲ ಅಂತ ಟೈರಿಗೆ ಗಾಳಿ ತುಂಬುವ ಪಂಪನ್ನು ಅದಕ್ಕೆ ಜೋಡಿಸ್ತಾರೆ ನೋಡಿ, ಅದು ಅಪಾಯ. ಪಿವಿಸಿ ಪೈಪು ಇರೋದು ನೀರಿನ ಒತ್ತಡಕ್ಕೆ. ಒತ್ತಿಟ್ಟ ಗಾಳಿ ತುಂಬಿದ ಪೈಪು ಒಡೆದರೆ ಸೋರೋದಿಲ್ಲ, ಚೂರು ಚೂರಾಗಿ ಸಿಡಿಯುತ್ತೆ. ಬಿಸಿಲಿನಲ್ಲಿ ಬೆಂದ ಪೈಪಂತೂ ಇನ್ನೂ ದುರ್ಬಲ. ‘ಐನೂರು ರೂಪಾಯಲ್ಲಿ ಶವರ್’ ಅನ್ನುವ ವಿಡಿಯೋ ಈ ಒಂದು ಮಾತನ್ನು ಹೇಳದಿದ್ದರೆ ಅದನ್ನು ನಂಬಬೇಡಿ.

ಮೂರನೆಯದು ಪೋರ್ಟಬಲ್ ಗ್ಯಾಸ್ ಗೀಸರ್. ಡಬ್ಬದ ಮೇಲೆ 6 ಲೀಟರ್ ಅಂತ ಬರೆದಿದ್ದರೆ ಅದು ಟ್ಯಾಂಕಿನ ಅಳತೆ ಅಲ್ಲ, ಒಂದು ನಿಮಿಷಕ್ಕೆ ಹರಿಯುವ ನೀರಿನ ಲೆಕ್ಕ. ಅಂದ್ರೆ ಒಂದು 20 ಲೀಟರ್ ಕ್ಯಾನು ಮೂರೂವರೆ ನಿಮಿಷದಲ್ಲಿ ಖಾಲಿ. ಚಳಿ ಅಂತ ಇದನ್ನು ಟೆಂಟಿನ ಒಳಗೆ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವಕ್ಕೇ ಕುತ್ತು. ಗಾಳಿಯಾಡದ ಬಾತ್‌ರೂಮುಗಳಲ್ಲಿ ಆಗುವ ಗೀಸರ್ ಸಾವುಗಳ ಕಾರಣವೂ ಇದೇ ಅನಿಲ.

ಹಾಗಾದ್ರೆ ಇನ್ವರ್ಟರಿಗೆ ಹೀಟರ್ ಕಾಯಿಲ್ ಹಾಕಿದ್ರೆ? ಲೆಕ್ಕ ಹಾಕಿ. 1000 ವ್ಯಾಟಿನ ಕಾಯಿಲು 12 ವೋಲ್ಟಿನ ಬ್ಯಾಟರಿಯಿಂದ 80 ಆಂಪಿಗಿಂತ ಹೆಚ್ಚು ಎಳೆಯುತ್ತೆ. ಕಾರಿನ ಲೈಟರ್ ಸಾಕೆಟ್ ಸಾಮಾನ್ಯವಾಗಿ ತಡೆದುಕೊಳ್ಳೋದು 10–15 ಆಂಪು. ಸ್ನಾನ ಆಗುವ ಮೊದಲೇ ಫ್ಯೂಸು ಹೋಗಿರುತ್ತೆ. ನೇರ ಬ್ಯಾಟರಿಗೇ ಕೊಟ್ಟರೆ ವಾಪಸ್ ಬರುವಾಗ ಕಾರು ತಳ್ಳೋಕೆ ಜನ ಹುಡುಕಬೇಕು.

ಉಳಿದದ್ದು ನನ್ನ ಮಟ್ಟಿಗೆ ಪಾಸಾಗುವ ಎರಡು. ಒಂದು, ಬಕೆಟ್ಟಿನೊಳಗೆ ಮುಳುಗಿಸುವ ಚಿಕ್ಕ ರೀಚಾರ್ಜಬಲ್ ಪಂಪು. ನಿಮಿಷಕ್ಕೆ ಎರಡೂವರೆಯಿಂದ ನಾಲ್ಕು ಲೀಟರ್ ಅಷ್ಟೇ ಕೊಡುತ್ತೆ. ರಿವ್ಯೂಗಳು ಇದನ್ನು ದೋಷ ಅನ್ನುತ್ತವೆ. ನಾನು ಇದೇ ಅದರ ಗುಣ ಅಂತೀನಿ. ಮೈ ಒದ್ದೆ ಮಾಡ್ಕೊಂಡು ಆಫ್, ಸೋಪು ಹಚ್ಕೊಂಡು ಮತ್ತೆ ಆನ್. ಹೀಗೆ ಮಾಡಿದರೆ ಹತ್ತು ಲೀಟರಿನಲ್ಲಿ ಒಬ್ಬರ ಸ್ನಾನ ಆರಾಮವಾಗಿ ಮುಗಿಯುತ್ತೆ. ಇನ್ನೊಂದು, ರೈತರು ಔಷಧಿ ಹೊಡೆಯೋ ಹ್ಯಾಂಡ್ ಸ್ಪ್ರೇಯರ್. ಯಾವ ಊರಿನ ಗೊಬ್ಬರದಂಗಡಿಯಲ್ಲೂ ಸಿಗುತ್ತೆ, ವಾಷರು ಹೋದರೆ ಅಲ್ಲೇ ರಿಪೇರಿ, ಬ್ಯಾಟರಿ ಬೇಡ. ಷರತ್ತು ಒಂದೇ: ಹೊಚ್ಚ ಹೊಸದೇ ಆಗಿರಬೇಕು. ಒಮ್ಮೆ ಕೀಟನಾಶಕ ಕಂಡ ಕ್ಯಾನನ್ನು ಎಷ್ಟು ತೊಳೆದರೂ ಮೈಮೇಲೆ ಸುರಿದುಕೊಳ್ಳಬೇಡಿ. ಅಗ್ಗಕ್ಕೆ ಸಿಗುವ ಹಳೇ ನೀಲಿ ಡ್ರಮ್ಮಿಗೂ ಇದೇ ಮಾತು. ಅದರೊಳಗೆ ಮುಂಚೆ ಯಾವ ಕೆಮಿಕಲ್ ಇತ್ತೋ ನಿಮಗೆ ಗೊತ್ತಿರಲ್ಲ. ಕುಡಿಯುವ ನೀರಿನ ಕ್ಯಾನಂತೂ ಬೇರೆಯೇ ಇರಲಿ.

ಬಿಸಿನೀರಿಗೆ ಯಾವ ಯಂತ್ರವೂ ಬೇಕಿಲ್ಲ. ಎರಡೂವರೆ ಲೀಟರ್ ಕುದಿಸಿ, 20 ಡಿಗ್ರಿಯ ಏಳೂವರೆ ಲೀಟರ್ ತಣ್ಣೀರಿಗೆ ಬೆರೆಸಿದರೆ ಹತ್ತು ಲೀಟರ್ 40 ಡಿಗ್ರಿಗೆ ಬರುತ್ತೆ. ಟೀ ಕಾಯಿಸುವ ಸ್ಟೌವೇ ಸಾಕು. ಹಂಡೆಯಿಂದ ಕುದಿನೀರು ತೋಡಿ ಬಕೆಟ್ಟಿನಲ್ಲಿ ಬೆರಕೆ ಮಾಡುತ್ತಿದ್ದ ಅಜ್ಜಿಯಂದಿರ ಲೆಕ್ಕವೂ ಇದೇ ಅಲ್ವಾ? ಪಂಪೂ ಬೇಡ ಅನ್ನುವವರಿಗೆ ಚೊಂಬು ಇದ್ದೇ ಇದೆ. ಚೊಂಬಿನ ಸ್ನಾನದಲ್ಲಿ ಎಷ್ಟು ನೀರು ಉಳಿದಿದೆ ಅನ್ನೋದು ಕಣ್ಣಿಗೆ ಕಾಣುತ್ತೆ. ಶವರಿನಲ್ಲಿ ಅದು ಗೊತ್ತಾಗೋದು ತಲೆತುಂಬ ಶಾಂಪೂ ಇದ್ದಾಗ.

ಈಗ ಎರಡನೇ ಪ್ರಶ್ನೆ. ಇದರಲ್ಲಿ ಮಾತ್ರ ಎಲ್ಲ ಸರಕೂ ಒಟ್ಟಿಗೆ ಫೇಲು. ನೀರು ತರಲು ಪೈಪು, ಎತ್ತಲು ಪಂಪು, ಕಾಯಿಸಲು ಬರ್ನರು, ಮರೆಗೆ ಟೆಂಟು ಎಲ್ಲ ಕೊಡುತ್ತಾರೆ. ಬಿದ್ದ ನೀರಿಗೆ ಏನೂ ಇಲ್ಲ. ನಮ್ಮ ಹಳೇ ಮನೆಗಳ ಬಚ್ಚಲನ್ನು ನೆನಪಿಸಿಕೊಳ್ಳಿ. ಅದರ ತೂತಿನಾಚೆ ಹಿತ್ತಲಿನಲ್ಲಿ ಒಂದು ಬಾಳೆ ಬುಡ ಇಲ್ಲವೇ ಕೆಸುವಿನ ಗಿಡ ಇರುತ್ತಿತ್ತು. ನೀರು ಬಂದಷ್ಟೇ ಮುಖ್ಯವಾಗಿ ಹೋಗುವ ದಾರಿಯನ್ನೂ ಯೋಚಿಸಿದ್ದರು. ಎಸ್‌ಯುವಿ ಶವರಿನ ನೀರು ಇಳಿಜಾರು ಎಲ್ಲಿದೆಯೋ ಅಲ್ಲಿಗೆ ಹರಿಯುತ್ತೆ. ಚೆಂದದ ಕ್ಯಾಂಪಿಂಗ್ ಜಾಗಗಳು ಇರೋದೇ ಹಳ್ಳದ ದಡದಲ್ಲಿ. ಇಳಿಜಾರು ಮುಗಿಯೋದೂ ಅದೇ ಹಳ್ಳದಲ್ಲಿ.

‘ನಂದು ಬಯೋಡಿಗ್ರೇಡಬಲ್ ಸೋಪು’ ಅನ್ನುವ ಉತ್ತರ ತಯಾರಿರುತ್ತೆ. ಅದು ಕರಗಿ ಮಣ್ಣಾಗೋದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ. ಹರಿಯುವ ನೀರಿಗೆ ಬಿಟ್ಟರೆ ಅದೂ ನೊರೆಯೇ. ಹೊರಗೆ ತಿರುಗಾಡುವವರಿಗಾಗಿ ಇರುವ ‘ಲೀವ್ ನೋ ಟ್ರೇಸ್’ ನಿಯಮ ಹೇಳೋದೂ ಇದನ್ನೇ: ನೀರಿನ ಮೂಲದಿಂದ ಕನಿಷ್ಠ 200 ಅಡಿ, ಅಂದ್ರೆ ಸುಮಾರು 70 ಹೆಜ್ಜೆ ದೂರ ಹೋಗಿ ತೊಳೆದುಕೊಳ್ಳಿ.

ಯಾಕಿಷ್ಟು ತಲೆಕೆಡಿಸ್ಕೊಳ್ಳಬೇಕು ಅಂದ್ರೆ, ಆ ಹಳ್ಳದ ಕೆಳಗೆ ಯಾರೋ ಇದ್ದಾರೆ. ಕುಡಿಯುವ ದನ, ಪಾತ್ರೆ ತೊಳೆಯುವ ಮನೆ, ಮೀನು. ಸಕಲೇಶಪುರದ ಕಡೆ ಹೇಮಾವತಿಗೆ ಇಳಿಯುವ ಹಳ್ಳ ಕೊನೆಗೆ ಕಾವೇರಿಗೆ ಸೇರುತ್ತೆ. ಆ ಕಾವೇರಿ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಂಗಳೂರಿನ ನಲ್ಲಿಗೆ ಬರುತ್ತೆ. ಕೋಲಾರದ ಕಡೆ ಹೋದರೆ ಕತೆ ಬೇರೆ. ಅಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ನೀವು ‘ಒಂದೆರಡು ಕ್ಯಾನ್ ತುಂಬ್ಕೋತೀವಿ ಅಣ್ಣಾ’ ಅಂತ ಕೇಳಿದ ತೋಟದವನ ಬೋರ್‌ವೆಲ್ ನೂರಾರು ಅಡಿ ಆಳದಿಂದ ನೀರೆತ್ತುತ್ತಿರುತ್ತೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ ನಾವೆಲ್ಲ ಬಕೆಟ್ ಲೆಕ್ಕ ಹಾಕಿದ್ದೆವು. ಟೋಲ್ ದಾಟಿದ ಕೂಡಲೇ ಆ ಲೆಕ್ಕ ಮರೆತುಹೋಗೋದು ಯಾವ ನ್ಯಾಯ?

ಹಾಗಂತ ಸ್ನಾನ ಬಿಡಿ ಅಂತಿಲ್ಲ. ಮುಂದಿನ ಟ್ರಿಪ್ಪಿಗೆ ಶವರ್ ಕೊಳ್ಳುವವರು ಒಂದು ಅಗಲ ಟಬ್ಬನ್ನೂ ಡಿಕ್ಕಿಗೆ ಹಾಕ್ಕೊಳ್ಳಿ. ತಲೆಗೆ ಹತ್ತು ಲೀಟರ್ ಲೆಕ್ಕ ಇಟ್ಟು ನೀರನ್ನು ಮನೆಯಿಂದಲೇ ಒಯ್ಯಿರಿ. ನಾಲ್ಕು ಜನಕ್ಕೆ 40 ಕಿಲೋ, ಅದನ್ನು ಕಾರಿನ ಒಳಗೆ, ತಳಕ್ಕೆ ಇಡಿ. ಟಬ್ಬಿನೊಳಗೆ ನಿಂತು ಸ್ನಾನ ಮಾಡಿ, ಬಿದ್ದ ನೀರನ್ನು ಹಳ್ಳದಿಂದ ಎಪ್ಪತ್ತು ಹೆಜ್ಜೆ ನಡೆದು ಮಣ್ಣಿಗೆ ಹರಡಿ ಚೆಲ್ಲಿ. ಖಾಸಗಿ ತೋಟ ಆದ್ರೆ ಎಲ್ಲಿ ಚೆಲ್ಲಬೇಕು ಅಂತ ಅವರನ್ನೇ ಕೇಳಿ. ಬಾಳೆ ಬುಡ ತೋರಿಸ್ತಾರೆ.