ಕಾನೂನಿನ ಬಿಗಿ ಯಾರ ಕೊರಳಿಗೆ?

ಅಮೆರಿಕದಲ್ಲಿ ಒಂದು ಬಗೆಯ ಬರವಣಿಗೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅಕ್ರಮ ವಲಸಿಗರು ದೇಶವನ್ನು ತುಂಬಿಕೊಳ್ಳುತ್ತಿದ್ದಾರೆ, ಸರಕಾರ ಕಣ್ಣು ಮುಚ್ಚಿ ಕುಳಿತಿದೆ, ಆದ್ದರಿಂದ ನಾಗರಿಕರು ತಮ್ಮ ಜನಪ್ರತಿನಿಧಿಗೆ ಇಂದೇ ಫೋನ್ ಮಾಡಿ ಕಾನೂನು ಬಿಗಿಗೊಳಿಸಲು ಒತ್ತಾಯಿಸಬೇಕು ಎಂಬುದು ಅದರ ಸಾರ. ಕಳುಹಿಸಬೇಕಾದ ಪತ್ರವನ್ನೂ ಎಷ್ಟೋ ಸಲ ಬರೆದುಕೊಡಲಾಗುತ್ತದೆ. ಓದುಗ ತನ್ನ ಹೆಸರು ಸೇರಿಸಿದರೆ ಸಾಕು. 1990ರ ದಶಕದಲ್ಲಿ ಪತ್ರಕರ್ತ ರಾಯ್ ಬೆಕ್ ಆರಂಭಿಸಿದ ನಂಬರ್ಸ್ ಯುಎಸ್‌ಎ ಎಂಬ ಸಂಘಟನೆ ಇಂತಹ ಸಿದ್ಧ ಫ್ಯಾಕ್ಸ್‌ಗಳಿಂದಲೇ ಹೆಸರು ಮಾಡಿತು.

ಈ ಕರೆಗೆ ಬಲವಿಲ್ಲವೆಂದು ತಿಳಿಯಬಾರದು. ದಾಖಲೆಯಿಲ್ಲದ ವಲಸಿಗರಿಗೆ ಪೌರತ್ವದ ದಾರಿ ತೆರೆಯುವ ಮಸೂದೆಯೊಂದು 2007ರಲ್ಲಿ ಸೆನೆಟ್ ಮುಂದೆ ಬಂದಿತ್ತು. ಅಧ್ಯಕ್ಷ ಬುಷ್ ಮತ್ತು ವಿರೋಧ ಪಕ್ಷದ ಎಡ್ವರ್ಡ್ ಕೆನಡಿ ಇಬ್ಬರೂ ಅದರ ಬೆನ್ನಿಗಿದ್ದರು. ಆದರೆ ಕರೆಗಳ ಮಹಾಪೂರಕ್ಕೆ ಸೆನೆಟ್‌ನ ದೂರವಾಣಿ ವ್ಯವಸ್ಥೆಯೇ ಕಂಗೆಟ್ಟಿತು. ಜೂನ್ 28ರಂದು ಮಸೂದೆಯನ್ನು ಮುಂದಕ್ಕೊಯ್ಯಲು 60 ಮತಗಳು ಬೇಕಿದ್ದವು, ಸಿಕ್ಕಿದ್ದು 46.

ಪ್ರಜೆ ತನ್ನ ಪ್ರತಿನಿಧಿಯನ್ನು ಪ್ರಶ್ನಿಸುವುದು ಪ್ರಜಾಪ್ರಭುತ್ವದ ಜೀವಾಳ. ಗಡಿ ಇರುವ ದೇಶಕ್ಕೆ ವಲಸೆ ಕಾನೂನು ಬೇಕು, ಇದ್ದ ಕಾನೂನು ಜಾರಿಯಾಗಬೇಕು ಎನ್ನುವುದೂ ಅನ್ಯಾಯದ ಮಾತಲ್ಲ. ನಮ್ಮ ಆಕ್ಷೇಪವಿರುವುದು ಈ ಬರಹಗಳು ಹೇಳುವುದರ ಬಗ್ಗೆ ಅಷ್ಟಾಗಿ ಅಲ್ಲ, ಹೇಳದೆ ಬಿಡುವುದರ ಬಗ್ಗೆ.

ಮೊದಲನೆಯದಾಗಿ, ಕೆಲಸ ಕೊಟ್ಟವನ ಪ್ರಸ್ತಾಪ ಇವುಗಳಲ್ಲಿ ಬಂದರೂ ಕೊನೆಯಲ್ಲಿ ಬರುತ್ತದೆ. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿಗೆ ಎರಡು ಮುಖಗಳಿದ್ದವು. ಒಂದರಿಂದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ವಾಸ ದೊರೆಯಿತು. ಇನ್ನೊಂದು, ದಾಖಲೆಯಿಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕನಿಗೆ ದಂಡ. ಆದರೆ ಆತ 'ತಿಳಿದೂ' ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ. ಮೇಲ್ನೋಟಕ್ಕೆ ಅಸಲಿಯಂತೆ ಕಾಣುವ ಕಾಗದವನ್ನು ನೋಡಿದ್ದರೆ ಆತ ಪಾರು. ಹೀಗೆ ಹೊಲದಲ್ಲಿ ಹಣ್ಣು ಕೀಳುವವನು ಅಪರಾಧಿಯಾದ, ಹಣ್ಣು ಮಾರಿದವನು ಗೌರವಸ್ಥನಾಗಿಯೇ ಉಳಿದ. ಕಾನೂನು ಜಾರಿಯಾಗಲಿ ಎನ್ನುವವರ ಬೆರಳು ಅತ್ತ ತೋರಿದ್ದು ಕಡಿಮೆ.

ಎರಡನೆಯದಾಗಿ, ಬಿಗಿ ಮಾಡಿದ್ದರ ಫಲವೇನು ಎಂಬ ಲೆಕ್ಕ ಕೊಡುವುದಿಲ್ಲ. 1990ರ ದಶಕದ ಆರಂಭದಲ್ಲಿ ನಾಲ್ಕು ಸಾವಿರದಷ್ಟಿದ್ದ ಗಡಿ ಪಹರೆಯವರ ಸಂಖ್ಯೆ ಎರಡು ದಶಕಗಳಲ್ಲಿ 20 ಸಾವಿರ ದಾಟಿತು. ದಾಖಲೆಯಿಲ್ಲದವರ ಸಂಖ್ಯೆಯಾದರೂ ಇಳಿಯಿತೇ? 1990ರಲ್ಲಿ ಸುಮಾರು 35 ಲಕ್ಷವಿದ್ದದ್ದು 2007ರ ಹೊತ್ತಿಗೆ 1.2 ಕೋಟಿಯಾಯಿತು. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಇದರ ಒಂದು ಕಾರಣವನ್ನು ಬಿಡಿಸಿ ತೋರಿಸಿದ್ದಾರೆ. ಮೊದಲು ಮೆಕ್ಸಿಕೊದ ಕೂಲಿಯವರು ಸುಗ್ಗಿಗೆ ಬಂದು ಊರಿಗೆ ಮರಳುತ್ತಿದ್ದರು. ದಾಟುವುದು ದುಬಾರಿಯೂ ಅಪಾಯಕಾರಿಯೂ ಆದ ಮೇಲೆ, ಒಮ್ಮೆ ಒಳಬಂದವರು ಹೊರಹೋಗುವ ಧೈರ್ಯ ಮಾಡದೆ ಅಲ್ಲಿಯೇ ಉಳಿದು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ನಗರಗಳ ಬಳಿ ಗಡಿ ಮುಚ್ಚಿದ್ದರಿಂದ ಮರುಭೂಮಿಯ ದಾರಿ ಹಿಡಿದು ನೀರಿಲ್ಲದೆ ಸತ್ತವರ ಲೆಕ್ಕ ಬೇರೆ.

ಮೂರನೆಯದು, ಬಿಗಿಯೆಂಬುದು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ. 2005ರ ಡಿಸೆಂಬರ್‌ನಲ್ಲಿ ಪ್ರತಿನಿಧಿಗಳ ಸಭೆ 239-182 ಮತಗಳಿಂದ ಒಪ್ಪಿದ ಮಸೂದೆ, ದಾಖಲೆಯಿಲ್ಲದೆ ಇರುವುದನ್ನೇ ಘೋರ ಅಪರಾಧವಾಗಿಸಲು ಹೊರಟಿತ್ತು. ಅಂಥವರಿಗೆ ನೆರವಾದವರೂ ಸಿಕ್ಕಿಬೀಳುವಂತಿತ್ತು. ಹಸಿದವನಿಗೆ ಅನ್ನ ಕೊಡುವ ಮುನ್ನ ಕಾಗದ ಕೇಳಬೇಕೇ ಎಂದು ಚರ್ಚ್‌ಗಳು ಸಿಡಿದೆದ್ದವು. ಸೆನೆಟ್ ಅದನ್ನು ಅಂಗೀಕರಿಸಲಿಲ್ಲ.

'ನಾವು ವೀಸಾ ಪಡೆದು ಹೋದವರು, ನಮಗೇನು?' ಎಂದು ಅಲ್ಲಿರುವ ಕನ್ನಡಿಗರಲ್ಲಿ ಕೆಲವರಿಗೆ ಅನ್ನಿಸಬಹುದು. 2025ರ ಫೆಬ್ರವರಿಯಲ್ಲಿ 104 ಭಾರತೀಯರನ್ನು ಕೋಳ ತೊಡಿಸಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದಾಗ ಅದು ಅವರ ಪಾಡು ಎನ್ನಿಸಿದ್ದಿರಬಹುದು. ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ಬೆಂಗಳೂರಿನ ಮನೆಗಳೂ ಬೆಚ್ಚಿದವು. ಕಾಗದವಿದ್ದವರು, ಇಲ್ಲದವರು ಎಂಬ ಗೆರೆ ನಾವೆಣಿಸಿದಷ್ಟು ಗಟ್ಟಿಯಲ್ಲ.

ಒಂದು ಕಾಲದಲ್ಲಿ ಆ ಗೆರೆಯಾಚೆ ಭಾರತೀಯರೆಲ್ಲರೂ ಇದ್ದರು. 1907ರಲ್ಲಿ ಬೆಲ್ಲಿಂಗ್‌ಹ್ಯಾಮ್ ಪಟ್ಟಣದಿಂದ ಮರದ ಕಾರ್ಖಾನೆಯ ಭಾರತೀಯ ಕೂಲಿಗಳನ್ನು ಗುಂಪು ಹೊಡೆದೋಡಿಸಿತು. ಏಷ್ಯಾದವರನ್ನು ಹೊರಗಿಡಿ ಎಂಬ ಸಂಘಟನೆಗಳ ಒತ್ತಾಯ ಫಲಿಸಿ, 1917ರ ಕಾನೂನು ಭಾರತೀಯರ ವಲಸೆಗೆ ಬಾಗಿಲು ಮುಚ್ಚಿತು. ಆ ಬಾಗಿಲು ತುಸು ತೆರೆದದ್ದು 1946ರಲ್ಲಿ, ವರ್ಷಕ್ಕೆ ಬರೀ 100 ಜನರಿಗೆ. ಅದಕ್ಕಾಗಿ ವಾಷಿಂಗ್ಟನ್ನಿನಲ್ಲಿ ಪ್ರತಿನಿಧಿಗಳ ಬಾಗಿಲು ಬಡಿದವರಲ್ಲಿ ಜೆ.ಜೆ. ಸಿಂಗ್ ಮತ್ತು ಮುಬಾರಕ್ ಅಲಿ ಖಾನ್ ಮುಖ್ಯರು. ಆಗ ಭಾರತೀಯರಿಗೆ ಪೌರತ್ವ ಪಡೆಯುವ ಹಕ್ಕೇ ಇರಲಿಲ್ಲ, ಮತದ ಮಾತಂತೂ ದೂರ. ಓಟಿಲ್ಲದವರ ಅಹವಾಲನ್ನೂ ಕೇಳಿಸಿಕೊಂಡ ಶಾಸಕರು ಇದ್ದುದರಿಂದಲೇ ಆ ಕಾನೂನು ಬಂತು.

ಮುಸ್ಲಿಮರ ಕಾಲಗಣನೆ ಆರಂಭವಾಗುವುದೇ ಒಂದು ವಲಸೆಯಿಂದ. ಮಕ್ಕಾ ಬಿಟ್ಟು ಬಂದವರನ್ನು ಮದೀನಾದ ಅನ್ಸಾರರು ಮನೆಯೊಳಗೆ ಕರೆದುಕೊಂಡರು. ಜೊತೆಗೆ ಅಲ್ಲಿನ ಪಂಗಡಗಳ ಹಕ್ಕು ಬಾಧ್ಯತೆಗಳನ್ನು ಹೇಳುವ ಒಪ್ಪಂದವೂ ಲಿಖಿತವಾಯಿತು. ಆಶ್ರಯ ಮತ್ತು ಕಟ್ಟಳೆ ಒಂದಕ್ಕೊಂದು ಶತ್ರುಗಳಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕಿಲ್ಲ.

ಆದ್ದರಿಂದ ಫೋನ್ ಮಾಡಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಮಾಡುವವರು ಬೇರೆಯವರು ಬರೆದುಕೊಟ್ಟ ವಾಕ್ಯವನ್ನು ಓದುವ ಬದಲು, ಈ ಕಾನೂನಿನ ಬಿಗಿ ದುಡಿಯುವವನ ಕೊರಳಿಗೆ ಮಾತ್ರವೋ, ದುಡಿಸಿಕೊಂಡವನ ಕೊರಳಿಗೂ ಉಂಟೋ ಎಂದು ಒಂದು ಮಾತು ಕೇಳಲಿ.