ಕೂಲಂಟ್ ಸೆನ್ಸರ್ ಬದಲಾಯಿಸುವ ರೂಢಿ: ಒಂದು ವಿಮರ್ಶೆ

ಸ್ಕ್ಯಾನರ್‌ನಲ್ಲಿ ಪಿ0118 ಎಂಬ ದೋಷ ಸಂಕೇತ ಕಂಡ ಕೂಡಲೇ ಕೂಲಂಟ್ ತಾಪಮಾನದ ಸೆನ್ಸರನ್ನು ಕಳಚಿ ಹೊಸದನ್ನು ಕೂರಿಸುವುದು ಅನೇಕ ಗ್ಯಾರೇಜುಗಳಲ್ಲಿ ರೂಢಿಯಾಗಿದೆ. ಬಿಡಿಭಾಗ ಅಗ್ಗ, ಕೆಲಸ ಸಣ್ಣದು ಎಂಬ ಸಮರ್ಥನೆ ಇದಕ್ಕಿದ್ದರೂ ದೋಷ ಪತ್ತೆಯ ವಿಧಾನವಾಗಿ ಇದು ತೀರ ದುರ್ಬಲ. ಏಕೆಂದರೆ ಆ ಸಂಕೇತ ತಿಳಿಸುವುದು ಸರ್ಕ್ಯೂಟಿನ ವೋಲ್ಟೇಜ್ ಮಿತಿಮೀರಿದೆ ಎಂಬುದನ್ನಷ್ಟೇ, ಸೆನ್ಸರ್ ಕೆಟ್ಟಿದೆ ಎಂಬುದನ್ನಲ್ಲ.

ಸೆನ್ಸರಿನ ಒಳಗಿರುವುದು ಥರ್ಮಿಸ್ಟರ್, ಎಂದರೆ ಬಿಸಿಯೇರಿದಂತೆ ವಿದ್ಯುತ್ ರೋಧ ಇಳಿಯುವ ಅರೆವಾಹಕದ ತುಣುಕು. ವ್ಯಾಪಕ ಬಳಕೆಯಲ್ಲಿರುವ ಒಂದು ಬಗೆಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ಇರುವ ರೋಧ 80 ಡಿಗ್ರಿಯಲ್ಲಿ ಸುಮಾರು 300 ಓಮ್‌ಗೆ ಇಳಿಯುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ತನ್ನೊಳಗಿನ ರೋಧಕವೊಂದರ ಮೂಲಕ 5 ವೋಲ್ಟ್ ಕಳುಹಿಸಿ, ಸೆನ್ಸರಿನ ಎರಡು ತುದಿಗಳ ನಡುವೆ ಉಳಿಯುವ ವೋಲ್ಟೇಜನ್ನು ತಾಪಮಾನವೆಂದು ಓದಿಕೊಂಡು, ಎಷ್ಟು ಇಂಧನ ಬಿಡಬೇಕು, ರೇಡಿಯೇಟರ್ ಫ್ಯಾನ್ ಯಾವಾಗ ತಿರುಗಬೇಕು ಎಂಬುದನ್ನು ನಿರ್ಧರಿಸುತ್ತದೆ.

ಸಂಕೇತವೇ ಏಳದ ದೋಷಗಳೂ ಇವೆ. ಸೆನ್ಸರನ್ನು ವೈರಿಂಗಿಗೆ ಸೇರಿಸುವ ಕನೆಕ್ಟರಿನ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿ 2,000 ಓಮ್ ಹೆಚ್ಚುವರಿ ರೋಧ ಸೇರಿಕೊಂಡರೆ, 80 ಡಿಗ್ರಿ ಕಾದ ಎಂಜಿನ್ ಇಸಿಯು ಲೆಕ್ಕದಲ್ಲಿ 20 ಡಿಗ್ರಿಯ ಆಸುಪಾಸಿನದಾಗಿ, ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹರಿದು, ಕಪ್ಪು ಹೊಗೆ ಕಾಣಿಸಿಕೊಂಡು ಮೈಲೇಜ್ ಕುಸಿಯುತ್ತದೆ. ಆದರೆ 20 ಡಿಗ್ರಿ ಎಂಬುದು ಸಹಜವಾಗಿ ಬರಬಹುದಾದ ಅಂಕಿಯೇ ಆದ್ದರಿಂದ ಪಿ0118 ಏಳುವುದೇ ಇಲ್ಲ. ಇನ್ನೂ ತೊಡಕಿನ ಸಂಗತಿಯೆಂದರೆ, ಹೊಸ ಸೆನ್ಸರಿಗೆ ಕನೆಕ್ಟರ್ ಸಿಕ್ಕಿಸುವಾಗಿನ ಉಜ್ಜಾಟಕ್ಕೇ ಕಿಲುಬು ಒಂದಿಷ್ಟು ಕಳಚಿ ದೋಷ ಕೆಲಕಾಲ ಮರೆಯಾಗಬಹುದು. ಹಳೆಯ ಸೆನ್ಸರೇ ಅಪರಾಧಿಯಾಗಿತ್ತೆಂಬ ನಂಬಿಕೆಗೆ ಹೀಗೆ ಸುಳ್ಳು ಪುರಾವೆ ಒದಗುತ್ತದೆ.

ಇದಕ್ಕೆ ಹೋಲಿಸಿದರೆ ಅಳತೆಯ ದಾರಿ ಎಷ್ಟೋ ಮೇಲು, ಕಷ್ಟದ್ದೂ ಅಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲಂಟಿನ ಅಂಕಿಯೂ ಎಂಜಿನ್ ಎಳೆದುಕೊಳ್ಳುವ ಗಾಳಿಯ ಅಂಕಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಕನೆಕ್ಟರ್ ಕಳಚಿದಾಗ ಸ್ಕ್ಯಾನರಿನ ಅಂಕಿ ಸಾಮಾನ್ಯವಾಗಿ ಮೈನಸ್ 40 ಡಿಗ್ರಿಯ ಹತ್ತಿರಕ್ಕಿಳಿದು, ವೈರಿಂಗ್ ಬದಿಯ ಎರಡು ಪಿನ್ನುಗಳನ್ನು ತಂತಿಯಿಂದ ಜೋಡಿಸಿದಾಗ ಗರಿಷ್ಠಕ್ಕೇರಿದರೆ ವೈರಿಂಗ್ ಮತ್ತು ಇಸಿಯು ಸರಿಯಿವೆಯೆಂದರ್ಥ. ಬಳಿಕ ಸೆನ್ಸರನ್ನು ಬಿಸಿನೀರಿನಲ್ಲಿಟ್ಟು ಮಲ್ಟಿಮೀಟರಿನಿಂದ ರೋಧ ಅಳೆದು, ತಯಾರಕರ ಕೋಷ್ಟಕದೊಂದಿಗೆ ಹೋಲಿಸಿದರೆ ಸಂದೇಹ ಉಳಿಯದು.

ಸೆನ್ಸರ್ ನಿಜ ನುಡಿಯುತ್ತಿದ್ದರೂ ದೂಷಣೆಗೆ ಗುರಿಯಾಗುವುದುಂಟು. ಎಂಜಿನ್ ಕಾಯುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನು, ಎಂಜಿನ್ ಹೀಟ್ ಆಗುತ್ತದೆಂಬ ದೂರಿಗೆ ಪರಿಹಾರವಾಗಿ ತೆಗೆದೇ ಬಿಡುವ, ಫ್ಯಾನನ್ನು ‘ಡೈರೆಕ್ಟ್’ ಮಾಡುವ, ಎಂದರೆ ಸದಾ ತಿರುಗುವಂತೆ ನೇರವಾಗಿ ಜೋಡಿಸುವ ಅಭ್ಯಾಸ ಕರ್ನಾಟಕದ ಗ್ಯಾರೇಜುಗಳಲ್ಲೂ ಇದೆ. ಅಂಥ ಎಂಜಿನ್ ನಿಜಕ್ಕೂ ತಣ್ಣಗೇ ಓಡುವುದರಿಂದ ಎಷ್ಟು ಸೆನ್ಸರ್ ಬದಲಿಸಿದರೂ ಅಂಕಿ ಏರುವುದಿಲ್ಲ, ಬೇಕಾಗಿರುವುದು ಥರ್ಮೋಸ್ಟಾಟ್.

ಸೆನ್ಸರೇ ಕೆಟ್ಟಿರುವುದು ಖಚಿತವಾದಾಗ, ತಣಿದ ಎಂಜಿನ್ನಿನಲ್ಲಿ ಹೊಸ ವಾಷರ್ ಸಹಿತ ಅದನ್ನು ಬಿಗಿದು, ಸೋರಿದಷ್ಟು ಕೂಲಂಟ್ ತುಂಬಿಸಿದರೆ ಸಾಲದು. ಒಳಗೆ ಗಾಳಿ ಸಿಕ್ಕಿಕೊಂಡು ಸೆನ್ಸರಿನ ತುದಿ ದ್ರವಕ್ಕೆ ತಾಗದಿದ್ದರೆ ಹೊಸದೂ ತಪ್ಪು ಅಂಕಿಯನ್ನೇ ಕೊಡುವುದರಿಂದ, ಗಾಳಿಯನ್ನು ಪೂರ್ತಿ ಹೊರಹಾಕಿ, ಫ್ಯಾನ್ ತಾನಾಗಿ ತಿರುಗಿ ನಿಲ್ಲುವುದನ್ನು ಕಂಡ ಮೇಲೆಯೇ ಕಾರನ್ನು ಮಾಲೀಕರಿಗೆ ಒಪ್ಪಿಸಬೇಕು.